ಹಿತ್ತಾಳೆ ಮುಚ್ಚಳ

ಬಿಸಿ ಇದ್ದಾಗ ಅವರು ಯಾವುದನ್ನೂ ತೆರೆಯುತ್ತಿರಲಿಲ್ಲ. ಗಾಡಿಯ ಮುಚ್ಚಳವಾಗಲಿ, ತಮ್ಮ ಬಾಯಿಯಾಗಲಿ. ಯಾರಾದರೂ ಗ್ಯಾರೇಜಿನ ಮುಂದೆ ನಿಂತು ಕೂಗಾಡಿದರೆ ಎಣ್ಣೆಬಟ್ಟೆ ತೆಗೆದುಕೊಂಡು ಒಂದೊಂದೇ ಬೆರಳನ್ನು ಒರೆಸುತ್ತ ನಿಲ್ಲುತ್ತಿದ್ದರು. ಕೂಗಿದವರು ದಣಿದು ಹೋಗುತ್ತಿದ್ದರು. ಮರುದಿನ ಬೆಳಿಗ್ಗೆ ಇವರೇ ಅವರ ಮನೆ ಬಾಗಿಲಿಗೆ ಹೋಗಿ, "ಈಗ ತಣ್ಣಗಾಗೇತಿ, ಮಾತಾಡೂಣ್ರಿ" ಎನ್ನುತ್ತಿದ್ದರು.

ಕಳೆದ ತಿಂಗಳು ತೀರಿಕೊಂಡರು. ಮಧ್ಯಾಹ್ನ ಗ್ಯಾರೇಜಿನಲ್ಲಿ ನೀರು ಕುಡಿಯಲು ಕುಳಿತವರು ಏಳಲೇ ಇಲ್ಲವಂತೆ. ಆ ಹೊತ್ತಿಗೆ ನಾನು ಅತ್ತೆಯ ಜೊತೆ ಧಾರವಾಡದ ಆಸ್ಪತ್ರೆಯಲ್ಲಿದ್ದೆ. ನಾವು ಬೈಲಹೊಂಗಲ ಮುಟ್ಟುವುದರೊಳಗೆ ಮಣ್ಣು ಮುಗಿದಿತ್ತು. ಅವರ ಮುಖ ನೋಡಲು ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಹತ್ತನೆಯ ಇಯತ್ತೆ ಓದಿದವಳು, ಹೊಲಿಗೆಯ ಮೇಲೆ ಮನೆ ನಡೆಸುವವಳು. ಬರೆಯುವ ರೂಢಿ ಇಲ್ಲ. ಅವರ ಹೆಸರನ್ನೂ ಬರೆಯುವುದಿಲ್ಲ. ಗ್ಯಾರೇಜಿನ ಬೋರ್ಡಿನ ಮೇಲೆ ಹೆಸರು ಬರೆಸಿಕೊಳ್ಳಲು ಕಡೆಯವರೆಗೂ ಒಪ್ಪದವರು ಅವರು. ಊರು ಮಿಸ್ತ್ರಿ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ.

ನಮ್ಮ ಮನೆಯ ಕಾರು ನನ್ನ ಗಂಡನದು. ಗುಂಡು ಬೆನ್ನಿನ, ಬೂದು ಬಣ್ಣದ ಹಳೆಯ ಕಾರು. ವಯಸ್ಸಿನಲ್ಲಿ ನನಗಿಂತ ದೊಡ್ಡದು. ಅವರಿಗೆ ಅದರ ಮೇಲೆ ಬಹಳ ಪ್ರೀತಿ. ಎಲ್ಲಕ್ಕಿಂತ ಹೆಚ್ಚು ಪ್ರೀತಿ ಎಂಜಿನ್ ತಣಿಸುವ ನೀರು ತುಂಬುವ ರೇಡಿಯೇಟರಿನ ಹಿತ್ತಾಳೆ ಮುಚ್ಚಳದ ಮೇಲೆ. ರವಿವಾರ ಬಂತೆಂದರೆ ಅತ್ತೆಯ ಹತ್ತಿರ ಹುಣಸೆಹಣ್ಣು ಇಸಿದುಕೊಂಡು ಅದನ್ನು ತಿಕ್ಕುತ್ತ ಕುಳಿತಿರುತ್ತಿದ್ದರು. ನನ್ನ ಗಂಡ ತೀರಿಕೊಂಡ ವರ್ಷವೇ ಅತ್ತೆಯ ಕಿಡ್ನಿ ಕೈಕೊಟ್ಟಿತು. ವಾರಕ್ಕೆರಡು ಸಲ ಡಯಾಲಿಸಿಸ್ ಎಂದರು. ಬಸ್ಸಿನ ಮೆಟ್ಟಿಲು ಅತ್ತೆಗೆ ಏರಲಾಗದು. ಬರುವಾಗ ರಕ್ತದೊತ್ತಡ ಇಳಿದು ಕುಳಿತುಕೊಳ್ಳಲೂ ಆಗದು. ಈ ಕಾರಿನ ಹಿಂದಿನ ಸೀಟು ಮಾತ್ರ ಮಂಚದ ಹಾಗೆ ಅಗಲ. ಹಾಗಾಗಿ ನಾನು ಕಾರು ಕಲಿಯಬೇಕಾಯಿತು. ಕಲಿಸಿದವರು ಮಿಸ್ತ್ರಿ.

ಮುನವಳ್ಳಿಯ ಕಡೆಯ ರಸ್ತೆಯಲ್ಲಿ, ಬೆಳಗಿನ ಹೊತ್ತು, ಪಕ್ಕದಲ್ಲಿ ಕುಳಿತು ಕಲಿಸಿದರು. ಕೈ ನೀಡಿ ಸ್ಟೇರಿಂಗ್ ಹಿಡಿದದ್ದು ಒಮ್ಮೆಯೂ ಇಲ್ಲ. "ಕಣ್ಣ ರಸ್ತಾದ ಮ್ಯಾಲ ಇರ್ಲಿ ಅಕ್ಕಾರ. ಆದ್ರ ನಡುನಡುವ ಮುಳ್ಳ ನೋಡ್ರಿ" ಎನ್ನುತ್ತಿದ್ದರು. ಮುಳ್ಳು ಎಂದರೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು. ಅದು ನಡುಗೆರೆ ದಾಟಿತೆಂದರೆ ನನ್ನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಇವತ್ತಿಗೂ ನಾನು ದಾರಿಯಲ್ಲಿ ಮರ, ಹೊಲ, ಹಳ್ಳ ಯಾವುದನ್ನೂ ನೋಡಿದವಳಲ್ಲ. ರಸ್ತೆ, ಮುಳ್ಳು, ಕನ್ನಡಿಯಲ್ಲಿ ಅತ್ತೆಯ ಮುಖ, ಈ ಮೂರೇ.

ಮೊದಲ ಬೇಸಿಗೆ ಕೆಟ್ಟದಾಗಿ ಹೋಯಿತು. ಧಾರವಾಡಕ್ಕೆ ಹತ್ತಿರದ ದಾರಿ ಬೇರೆ ಇದ್ದರೂ ಅಲ್ಲಿ ತಗ್ಗು ಬಹಳವೆಂದು ನಾವು ಕಿತ್ತೂರಿಗೆ ಹೋಗಿ ಹೆದ್ದಾರಿ ಹಿಡಿಯುತ್ತಿದ್ದೆವು. ಕಿತ್ತೂರು ಮುಟ್ಟುವುದರೊಳಗೆ ಗಾಡಿ ಕುದಿಯುತ್ತಿತ್ತು. ಹಳೆಯ ಗಾಡಿಗಳ ರೂಢಿಯೇ ಹಾಗೆ. ಬಿಸಿಯಾಗಿ ಉಕ್ಕಿದ ನೀರನ್ನು ಒಂದು ಸಣ್ಣ ಕೊಳವೆಯಿಂದ ರಸ್ತೆಗೆ ಚೆಲ್ಲಿಬಿಡುತ್ತವೆ. ನಾನು ಡಿಕ್ಕಿಯಲ್ಲಿ ಎರಡು ಕ್ಯಾನು ನೀರು ಇಟ್ಟುಕೊಂಡು ಹೊರಡುತ್ತಿದ್ದೆ. ದಾರಿಯಲ್ಲಿ ನಿಲ್ಲಿಸಿ, ಆರುವವರೆಗೆ ಕಾದು, ಸುರಿದು, ಮತ್ತೆ ಹೊರಡುವುದು. ಕಿಡ್ನಿ ನೀರು ಹೊರಹಾಕದ್ದರಿಂದ ಹಿಂದೆ ಮಲಗಿದ ಅತ್ತೆಗೆ ದಿನಕ್ಕೆ ಎರಡು ಸಣ್ಣ ಲೋಟ ನೀರಿಗಿಂತ ಹೆಚ್ಚು ಕೊಡುವ ಹಾಗಿಲ್ಲ. ಆಕೆ ನಾನು ಗಾಡಿಗೆ ನೀರು ಸುರಿಯುವುದನ್ನೇ ನೋಡುತ್ತಿದ್ದಳು. ನನಗೆ ಬೆನ್ನು ತಿರುಗಿಸಿ ಸುರಿಯುವುದು ರೂಢಿಯಾಯಿತು.

ಒಂದು ದಿನ ಮಿಸ್ತ್ರಿ ತಾವೇ ಮನೆಗೆ ಬಂದರು. ಕೈಯಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ. ಹೊಸ ಗಾಡಿಗಳಲ್ಲಿ ಇರುವಂಥದ್ದು. ಕಿತ್ತೂರಿನ ಹೆದ್ದಾರಿ ಪಕ್ಕದ ಗುಜರಿಯಲ್ಲಿ ಹುಡುಕಿ ತಂದಿದ್ದರು.

"ಉಕ್ಕೂದು ತಪ್ಪಲ್ರಿ ಅಕ್ಕಾರ" ಎಂದರು. "ಉಕ್ಕಿದ್ದನ್ನ ಚೆಲ್ಲೂದು ತಪ್ಪು."

ಬ್ಯಾಟರಿಯ ಪಕ್ಕದಲ್ಲಿ ಒಂದು ಪಟ್ಟಿ ಬಿಗಿದು ಡಬ್ಬಿ ಕೂಡಿಸಿದರು. ರಸ್ತೆಗೆ ಚೆಲ್ಲುತ್ತಿದ್ದ ಕೊಳವೆಯನ್ನು ತಿರುಗಿಸಿ ಡಬ್ಬಿಯ ತಳದವರೆಗೆ ಇಳಿಸಿದರು. ಬಿಸಿಯಾದಾಗ ಹೆಚ್ಚಾದ ನೀರು ಡಬ್ಬಿಗೆ ಹೋಗುತ್ತದೆ. ತಣ್ಣಗಾದಾಗ ರೇಡಿಯೇಟರು ಅದನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳುತ್ತದೆ ಎಂದರು. ಹೇಗೆ ಎಳೆದುಕೊಳ್ಳುತ್ತದೆ ಎಂದು ನಾನು ಕೇಳಲಿಲ್ಲ. ಬಿಸಿ ಪಾತ್ರೆಯ ಮುಚ್ಚಳವನ್ನು ಹಸಿ ಕಟ್ಟೆಯ ಮೇಲೆ ಬೋರಲು ಹಾಕಿದರೆ ಆರಿದ ಮೇಲೆ ಅಂಟಿಕೊಂಡು ಏಳುವುದಿಲ್ಲವಲ್ಲ, ಹಾಗೇನು ಎಂದೆ. ಅವರು ಕೆಲಸ ಬಿಟ್ಟು ನನ್ನನ್ನು ನೋಡಿದರು. "ಇದನ್ನ ತಿಳಿಯಾಕ ನನಗ ಆರು ವರ್ಷ ಹಿಡೀತ್ರಿ" ಎಂದರು.

ಆದರೆ ಹಿತ್ತಾಳೆ ಮುಚ್ಚಳ ತೆಗೆಯಬೇಕು ಎಂದರು. ಅದಕ್ಕೆ ಒಂದೇ ರಬ್ಬರು. ಅದು ನೀರನ್ನು ಹೊರಗೆ ಬಿಡುತ್ತದೆಯೇ ಹೊರತು ಹಿಂದಕ್ಕೆ ಎಳೆದುಕೊಳ್ಳಲು ಬಿಡುವುದಿಲ್ಲ, ನೀರಿನ ಬದಲು ಸಂದಿಯಿಂದ ಗಾಳಿ ಎಳೆಯುತ್ತದೆ. ಎರಡು ರಬ್ಬರಿನ ಹೊಸ ತಗಡಿನ ಮುಚ್ಚಳ ಹಾಕಿದರು. ನೋಡಲು ಚೆಂದವಿರಲಿಲ್ಲ. ಹಿತ್ತಾಳೆಯದನ್ನು ಒರೆಸಿ ಅತ್ತೆಯ ಕೈಗೆ ಕೊಟ್ಟು, "ಜ್ವಾಕೆ ಇಡ್ರಿ ಅವ್ವಾರ. ಹಾಕಬ್ಯಾಡ್ರಿ" ಎಂದರು.

ಎದುರಿನ ಚಹಾ ಅಂಗಡಿಯವನು ಬಂದು ಡಬ್ಬಿಯನ್ನೂ ಕೊಳವೆಯನ್ನೂ ನೋಡಿ, ಗಾಡಿಗೆ ಸಲಾಯಿನ್ ಹಚ್ಚೀರೇನು ಮಿಸ್ತ್ರಿ, ಇವತ್ತೋ ನಾಳೆಯೋ ಎಂದು ನಕ್ಕ. ಮಿಸ್ತ್ರಿ ಬೆರಳು ಒರೆಸುತ್ತ ನಿಂತರು. ಮಾತಾಡಿದ್ದು ಅತ್ತೆ.

"ಗಾಡಿಗಿ ಹಚ್ಚಿದ್ದ ಆತು. ನನಗೂ ಇಂತಾದ್ದೊಂದ ಡಬ್ಬಿ ಕೂಡಸಪಾ ಮಿಸ್ತ್ರಿ. ಹೆಚ್ಚಾಗಿದ್ದ ಅಲ್ಲಿ ಹೋಗಿ ಕುಂದರ್ಲಿ, ಬೇಕಾದಾಗ ತಿರಗಿ ಬರ್ಲಿ."

ಚಹಾದವನು ಕಪ್ಪು ಬಸಿ ಎತ್ತಿಕೊಂಡು ಹೋದ. ಮಿಸ್ತ್ರಿ ಬಹಳ ಹೊತ್ತು ಬಾನೆಟ್ಟಿನೊಳಗೆ ತಲೆ ಹಾಕಿಕೊಂಡಿದ್ದರು. ಆಮೇಲೆ ನನ್ನ ಹತ್ತಿರ ಹಸಿರು ದಾರ ಕೇಳಿದರು. ಡಬ್ಬಿಯ ಅರ್ಧಕ್ಕಿಂತ ಕೆಳಗೆ ಅದನ್ನು ಎರಡು ಸುತ್ತು ಬಿಗಿದರು. ಬೆಳಿಗ್ಗೆ, ಗಾಡಿ ಪೂರಾ ತಣ್ಣಗಿದ್ದಾಗ, ನೀರು ಈ ದಾರಕ್ಕೆ ಇರಬೇಕು. ಮೇಲೂ ಅಲ್ಲ, ಕೆಳಗೂ ಅಲ್ಲ.

ಪರೀಕ್ಷೆಗೆ ಸವದತ್ತಿಗೆ ಹೋದೆವು. ಎಲ್ಲಮ್ಮನ ಗುಡ್ಡದ ಏರಿನಲ್ಲಿ, ಏಪ್ರಿಲ್ ತಿಂಗಳ ನಡುಹಗಲಿನಲ್ಲಿ, ನನಗೇ ಓಡಿಸಲು ಹೇಳಿದರು. ಎಷ್ಟೋ ಗಾಡಿಗಳು ಕುದಿದು ನಿಲ್ಲುವ ಏರು ಅದು. ಮುಳ್ಳು ಏರುತ್ತಲೇ ಹೋಯಿತು. ನಿಲ್ಲಿಸಲೇ ಎಂದು ಎರಡು ಸಲ ಕೇಳಿದೆ. ಅವರು ತಲೆ ಅಲ್ಲಾಡಿಸಿದರು. ಅವರ ಎಡಗೈ ಕಿಟಕಿಯ ಮೇಲಿತ್ತು. ಮೊಣಕೈಯಿಂದ ಮುಂಗೈವರೆಗೆ ಚರ್ಮ ಹಾಲಿನ ಕೆನೆಯಂತೆ ಸುಕ್ಕಾಗಿ ಹೊಳೆಯುತ್ತಿತ್ತು. ಅದರ ಕಥೆ ಅವತ್ತೇ ಹೇಳಿದ್ದು, ಬಹುಶಃ ನನ್ನ ಗಮನ ಮುಳ್ಳಿನಿಂದ ಬಿಡಿಸಲು. ರಾಮದುರ್ಗದಲ್ಲಿ ಕೆಲಸ ಕಲಿಯುವಾಗ ಒಂದು ಲಾರಿ ಕುದಿದು ನಿಂತಿತ್ತಂತೆ. ಡ್ರೈವರನಿಗೆ ಅವಸರ. ಇವರು ಮುಚ್ಚಳ ತೆರೆದರು. "ಅರ್ಜಂಟ ಐತಿ ಅಂದ್ರಿ ಅಂವಾ. ನಾ ಮೂರು ತಿಂಗಳ ದವಾಖಾನ್ಯಾಗ ಮಲಗಿದೆ. ಅಷ್ಟ ಅರ್ಜಂಟ ಇತ್ತು."

ಗುಡ್ಡದ ಮೇಲೆ ಡಬ್ಬಿಯ ನೀರು ದಾರದಿಂದ ಮೂರು ಬೆರಳು ಮೇಲಿತ್ತು. ನೆಲಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ. ಮರುದಿನ ಬೆಳಿಗ್ಗೆ ಬಾನೆಟ್ಟು ಎತ್ತಿದಾಗ ನೀರು ದಾರಕ್ಕೆ ಬಂದು ನಿಂತಿತ್ತು. ನಾನು ಫೋನು ಮಾಡಿ ಹೇಳಿದೆ. "ಹೋದದ್ದು ಬಂತಲ್ಲ, ಸಾಕು" ಎಂದರು. ಆದರೂ ಡಬ್ಬಿಯನ್ನೇ ನಂಬಬೇಡಿರಿ, ವಾರಕ್ಕೊಮ್ಮೆ ತಣ್ಣಗಿದ್ದಾಗ ಮುಚ್ಚಳ ತೆರೆದು ರೇಡಿಯೇಟರಿನೊಳಗೇ ನೋಡಿರಿ ಎಂದು ಹೇಳಿ ಇಟ್ಟರು.

ಎರಡು ಬೇಸಿಗೆ ಹಾಗೇ ಕಳೆದವು. ತಪ್ಪು ಮಾಡಿದ್ದು ನಾನು, ಹೋದ ವರ್ಷದ ನವರಾತ್ರಿಯಲ್ಲಿ.

ನಮ್ಮಲ್ಲಿ ಅಮಾವಾಸ್ಯೆಯ ಮರುದಿನ ಘಟ ಹಾಕುತ್ತೇವೆ. ಮಣ್ಣಿನಲ್ಲಿ ಕಾಳು ಬಿತ್ತಿ, ತುಂಬಿದ ಕೊಡ ಇಟ್ಟು, ದೀಪ ಹಚ್ಚುವುದು. ದಶಮಿಯವರೆಗೆ ಅದನ್ನು ಅಲುಗಿಸುವ ಹಾಗಿಲ್ಲ. ಆ ದಿನ ಅತ್ತೆ ಹಿತ್ತಾಳೆ ಮುಚ್ಚಳ ತೆಗೆದು ಹುಣಸೆಹಣ್ಣಿನಿಂದ ತಿಕ್ಕುತ್ತ ಕುಳಿತಿದ್ದಳು. ಕೈಯಲ್ಲಿ ಬಲವಿರಲಿಲ್ಲ. ಆದರೂ ಅದು ಮಗ ತಿಕ್ಕಿದ ಹಾಗೆಯೇ ಹೊಳೆಯಿತು. ಹಬ್ಬಕ್ಕಾದರೂ ಹಾಕೋಣ ಎಂದಳು. ನನಗೆ ಬೇಡವೆನ್ನಲು ಆಗಲಿಲ್ಲ. ಹಾಕಿದೆ. ಆಕೆ ಅದಕ್ಕೆ ಕುಂಕುಮ ಹಚ್ಚಿ, ಘಟಕ್ಕೆ ಕಟ್ಟಿದ ದಾರದಲ್ಲಿಯೇ ಒಂದು ಎಳೆ ತಂದು ಸುತ್ತಿ ಗಂಟು ಹಾಕಿದಳು. ಗಂಟು ಹಾಕಿದ ಮೇಲೆ ದಶಮಿಯವರೆಗೆ ಬಿಚ್ಚುವುದಿಲ್ಲ. ವಾರಕ್ಕೊಮ್ಮೆ ಮುಚ್ಚಳ ತೆರೆದು ನೋಡುವ ರೂಢಿ ನಿಂತುಹೋಯಿತು. ಮಿಸ್ತ್ರಿಗೆ ಹೇಳಲಿಲ್ಲ.

ಆ ದಿನಗಳಲ್ಲಿ ಎರಡು ಸಲ ಧಾರವಾಡಕ್ಕೆ ಹೋಗಿ ಬಂದೆವು. ಪ್ರತಿಸಲ ಮರುದಿನ ಬೆಳಿಗ್ಗೆ ನೋಡಿದರೆ ಡಬ್ಬಿಯ ನೀರು ಹಸಿರು ದಾರಕ್ಕಿಂತ ಮೇಲೆ. ಕಡೆಗೆ ಬಾಯಿಮಟ್ಟ ಬಂತು. ನನಗೆ ಹೆದರಿಕೆ ಆಗಲಿಲ್ಲ, ಸಮಾಧಾನವಾಯಿತು. ಹಬ್ಬದ ದಿನ ತುಂಬಿದ ಪಾತ್ರೆ ನೋಡಿದರೆ ಒಳ್ಳೆಯದಾಗುತ್ತದೆ ಎಂದು ಕೇಳಿ ಬೆಳೆದವಳು. ಅತ್ತೆಗೂ ತೋರಿಸಿದೆ.

ದಶಮಿಯ ದಿನವೇ ಮೂರನೆಯ ಪಾಳಿ ಬಂತು. ಹಬ್ಬದ ನೆಪದಲ್ಲಿ ಆಸ್ಪತ್ರೆಯವರು ಒಂದು ದಿನ ಮುಂದೆ ಹಾಕಿದ್ದರು. ಅತ್ತೆಯ ಕಾಲು ಊದಿತ್ತು, ಉಸಿರು ಸಣ್ಣಗೆ ಸಿಳ್ಳು ಹಾಕುತ್ತಿತ್ತು. ಹತ್ತಕ್ಕೆ ಅಲ್ಲಿರದಿದ್ದರೆ ಪಾಳಿ ಬೇರೆಯವರಿಗೆ, ಮತ್ತೆ ನಾಳೆಯೇ ಎಂದಿದ್ದರು. ನಾಳೆಯವರೆಗೆ ಆಕೆ ತಾಳುವ ಹಾಗೆ ಕಾಣುತ್ತಿರಲಿಲ್ಲ. ನಸುಕಿನಲ್ಲಿ ಗಂಟು ಬಿಚ್ಚಬಹುದಿತ್ತು. ಅವಸರದಲ್ಲಿ ಡಬ್ಬಿ ನೋಡಿದೆ, ತುಂಬಿತ್ತು, ಹೊರಟೆ.

ಕಿತ್ತೂರು ಇನ್ನೂ ಎಂಟು ಹತ್ತು ಕಿಲೋಮೀಟರ್ ಇರುವಾಗ ಮುಳ್ಳು ಒಮ್ಮೆಲೇ ಎದ್ದು ಕೊನೆಗೆ ಹೋಯಿತು. ನಿಲ್ಲಿಸಿದೆ. ಬಾನೆಟ್ಟು ಎತ್ತಿದರೆ ಸುಟ್ಟ ವಾಸನೆ. ಡಬ್ಬಿ ತುಂಬಿದ್ದು ತುಂಬಿದ ಹಾಗೇ ಇತ್ತು. ಹಿಂದಿನಿಂದ ಅತ್ತೆ ಏನಾತವಾ ಎಂದು ಕೇಳಿದಳು. ಮಿಸ್ತ್ರಿಗೆ ಫೋನು ಮಾಡಿದೆ. ಡಬ್ಬಿ ತುಂಬ ನೀರಿದೆ, ಆದರೂ ಕುದಿಯುತ್ತಿದೆ ಎಂದೆ.

"ಡಬ್ಬಿ ಬಿಡ್ರಿ ಅಕ್ಕಾರ. ಮುಚ್ಚಳ ಯಾವುದ ಐತಿ?"

ಹಿತ್ತಾಳೆದು ಎಂದೆ.

ಬೈಯಲಿಲ್ಲ. "ಮುಟ್ಟಬ್ಯಾಡ್ರಿ. ಯಾರಿಗೂ ಮುಟ್ಟಗೊಡಬ್ಯಾಡ್ರಿ. ಅವ್ವಾರ್ನ ಕರಕೊಂಡ ಹೋಗೂ ಗಾಡಿ ಬಂದ್ರ ಕಳಿಸಿಬಿಡ್ರಿ. ನಾ ಹೊಂಟೇನಿ."

ಹಬ್ಬದ ದಿನ. ಬಂದದ್ದು ಬಾಳೆಕಂಬ ಕಟ್ಟಿದ ಒಂದು ಟ್ರ್ಯಾಕ್ಟರ್ ಮಾತ್ರ. ಟ್ರೇಲರಿನಲ್ಲಿ ಅತ್ತೆಯನ್ನು ಹತ್ತಿಸುವ ಮಾತೇ ಇರಲಿಲ್ಲ. ಓಡಿಸುತ್ತಿದ್ದ ರೈತ ಒಳ್ಳೆಯ ಮನುಷ್ಯ. ಇಳಿದು ಬಂದು, ಹೊಲದ ಬೋರಿನಿಂದ ಒಂದು ಕೊಡ ತಣ್ಣೀರು ತಂದ. ಹೆಗಲ ಮೇಲಿನ ಟವೆಲನ್ನು ಮಡಚಿ ಮುಚ್ಚಳದ ಮೇಲೆ ಇಟ್ಟ. ತೆಗೆದು ನೀರು ಹಾಕಿದರೆ ಹೋಗುತ್ತದೆ, ನಾವು ದಿನಾ ಮಾಡುತ್ತೇವೆ ಎಂದ. ನಾನು ಅವನ ಕೈಯ ಮೇಲೆ ನನ್ನ ಕೈ ಇಟ್ಟೆ.

"ಬ್ಯಾಡ್ರಿ."

"ಹೆಣ್ಣಮಕ್ಕಳ ಮಾತ ಕೇಳಿ ಗಾಡಿ ನಡದಾವೇನ್ರಿ? ಅಕ್ಕಡೆ ಮುದುಕಿ ಜೀವಾ ಹೊಂಟೈತಿ."

ಅವನು ಹೇಳಿದ್ದು ಸುಳ್ಳಲ್ಲ. ಕನ್ನಡಿ ಬೇಕಿರಲಿಲ್ಲ, ಅತ್ತೆಯ ಉಸಿರಿನ ಸಿಳ್ಳು ನಾನಿದ್ದಲ್ಲಿಗೇ ಕೇಳುತ್ತಿತ್ತು. ಒಂಬತ್ತು ದಾಟಿತ್ತು. ಮುಚ್ಚಳ ತೆಗೆದರೆ ಹತ್ತು ನಿಮಿಷದಲ್ಲಿ ಹೊರಡಬಹುದು ಎಂದು ನನಗೂ ಅನಿಸಿತು. ನನ್ನ ಕೈಯ ಕೆಳಗೆ ಅವನ ಕೈ, ಅದರ ಕೆಳಗೆ ಟವೆಲು, ಅದರ ಕೆಳಗೆ ಮುಚ್ಚಳ. ಟವೆಲಿನೊಳಗಿಂದಲೂ ಬಿಸಿ ಏರುತ್ತಿತ್ತು. ಮಿಸ್ತ್ರಿಯ ಆ ಹೊಳೆಯುವ ಎಡಗೈ ಕಣ್ಣ ಮುಂದೆ ಬಂತು. ನಾನು ಕೈ ತೆಗೆಯಲಿಲ್ಲ. ಕಡೆಗೆ ಅವನೇ ತನ್ನ ಕೈ ಎಳೆದುಕೊಂಡು, ಕೊಡವನ್ನು ಅತ್ತೆಯ ಕಡೆ ಒಯ್ದು, ಕುಡೀರಿ ಯಮ್ಮಾ ಎಂದ. ಅತ್ತೆ ಕೊಡದಲ್ಲಿ ಎರಡು ಬೆರಳು ಅದ್ದಿ ತುಟಿಗೆ ಹಚ್ಚಿಕೊಂಡು, ಸಾಕಪಾ ಎಂದಳು.

ಮಿಸ್ತ್ರಿ ಮೋಟಾರ್ ಸೈಕಲ್ ಮೇಲೆ ಬಂದರು. ಅಂಗಿಯ ಕಿಸೆಯಲ್ಲಿ ಇನ್ನೊಂದು ತಗಡಿನ ಮುಚ್ಚಳ, ಬೆಳಿಗ್ಗೆ ಯಾರೋ ಕೊಟ್ಟ ಬನ್ನಿ ಎಲೆ. ಯಾರಿಗೂ ಏನೂ ಹೇಳದೆ ರೇಡಿಯೇಟರಿನ ಮೇಲೆ ಅಂಗೈ ಇಟ್ಟರು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ತೆಗೆದರು. ಕಾದರು. ಮತ್ತೆ ಇಟ್ಟರು. ಆ ಹೊತ್ತಿನಷ್ಟು ಉದ್ದದ ಹೊತ್ತನ್ನು ನಾನು ಕಂಡಿಲ್ಲ. ಮೂರನೆಯ ಸಲ ಅಂಗೈ ಅಲ್ಲಿಯೇ ನಿಂತಿತು. ಆಗ ಅವರು ಹಿಂದಿನ ಕಿಟಕಿಗೆ ಹೋಗಿ ಬಾಗಿದರು.

"ಅವ್ವಾರ, ಗಂಟ ಬಿಚ್ಚಲೇನ್ರಿ? ದಶಮಿ ಆತಲ್ಲ."

"ಬಿಚ್ಚಪಾ. ನಾನ ಕಟ್ಟಿದ್ದೆ."

ದಾರ ಬಿಚ್ಚಿ ಅತ್ತೆಯ ಕೈಗೇ ಕೊಟ್ಟು ಆಮೇಲೆ ಮುಚ್ಚಳ ತಿರುಗಿಸಿದರು. ಒಳಗೆ ನೀರು ಕಾಣಲೇ ಇಲ್ಲ. ಡಬ್ಬಿ ಬಿಚ್ಚಿ, ಎಂಜಿನ್ ಸಣ್ಣಗೆ ಓಡಲು ಬಿಟ್ಟು, ಅದರಲ್ಲಿದ್ದದ್ದನ್ನು ನಿಧಾನವಾಗಿ ಹೊಯ್ದರು. ಸಾಲದ್ದಕ್ಕೆ ತಾವು ತಂದ ಬಾಟಲಿಯಿಂದ ಸೇರಿಸಿ ತಗಡಿನ ಮುಚ್ಚಳ ಹಾಕಿದರು. "ನೀರ ಭಾಳ ಹೋಗಿಲ್ರಿ" ಎಂದರು. "ಇಲ್ಲೇ ಇತ್ತು. ತಿರಗಿ ಬರೂ ದಾರಿ ಬಂದ್ ಆಗಿತ್ತ, ಅಷ್ಟ."

ತಮ್ಮ ಮೋಟಾರ್ ಸೈಕಲ್ಲನ್ನು ಆ ರೈತನಿಗೆ ಒಪ್ಪಿಸಿ ಅವರೇ ಕಾರು ಓಡಿಸಿದರು. ಧಾರವಾಡ ಮುಟ್ಟಿದಾಗ ಹತ್ತೂವರೆ ದಾಟಿತ್ತು. ಪಾಳಿ ಹೋಗಿತ್ತು. ಅಲ್ಲಿಯ ಸಿಸ್ಟರ್ ಅತ್ತೆಯ ಮುಖ ನೋಡಿ, ಬೇರೊಬ್ಬರನ್ನು ತಡೆದು ಇವಳನ್ನು ಒಳಗೆ ತೆಗೆದುಕೊಂಡಳು. ಇನ್ನೊಂದು ತಾಸು ತಡವಾಗಿದ್ದರೆ ಎಂದು ಏನೋ ಹೇಳಲು ಹೋಗಿ ನಿಲ್ಲಿಸಿದಳು. ನಾನು ಹೊರಗೆ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ಮಿಸ್ತ್ರಿ ಬೆರಳು ಒರೆಸುತ್ತ ನಿಂತಿದ್ದರು. ನನ್ನ ಅಳು ನಿಂತ ಮೇಲೆ ಬಂದು ಪಕ್ಕದಲ್ಲಿ ಕುಳಿತರು.

"ಈ ಮುಚ್ಚಳ ನನ್ನ ಕಡೆ ಇರ್ಲಿ. ನಿಮ್ಮ ಕಡೆ ಇದ್ರ ನೀವು ಮತ್ತ ಹಾಕ್ತೀರಿ. ನಾ ನಿಮ್ಮ ಜಾಗಾದಾಗ ಇದ್ರ ನಾನೂ ಹಾಕ್ತಿದ್ದೆ."

ಕಿಸೆಗೆ ಹಾಕಿಕೊಂಡರು. ನನಗೆ ಬೇಸರವಾಗಲಿಲ್ಲವೆಂದರೆ ಸುಳ್ಳಾದೀತು. ತಪ್ಪು ನನ್ನದು, ಕೇಳಲು ಬಾಯಿಲ್ಲ. ಒಂದು ವರ್ಷದ ಮೇಲಾಯಿತು, ಕೇಳಲೇ ಇಲ್ಲ. ಅತ್ತೆಯೂ ಕೇಳಲಿಲ್ಲ.

ಅವರು ತೀರಿದ ಮೂರನೆಯ ದಿನ ಅತ್ತೆ ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ಅವರ ಮನೆಯಲ್ಲಿ ಗೋಡೆಗೆ ಒರಗಿ ಕುಳಿತು, ಹೋಗುವ ಪಾಳಿ ನನ್ನದಿತ್ತು, ತಾ ಹೋದ ಎಂದು ಒಂದೇ ಸಲ ಹೇಳಿದಳು. ಏಳುವಾಗ ಅವರ ಹೆಂಡತಿ, ನಾನು ಭಾಬಿ ಎನ್ನುವವರು, ಒಂದು ಬಟ್ಟೆಯ ಗಂಟು ತಂದು ಕೊಟ್ಟರು. ಬಿಚ್ಚಿದರೆ ಹಿತ್ತಾಳೆ ಮುಚ್ಚಳ. ತಿರುವಿ ನೋಡಿದೆ. ಒಳಗೆ ಹಳೆಯದೇನೂ ಉಳಿದಿರಲಿಲ್ಲ. ಹೊಸ ಸ್ಪ್ರಿಂಗು, ನಡುವೆ ಸಣ್ಣ ಕವಾಟ, ಎರಡು ರಬ್ಬರು. ಬೇರೊಂದು ತಗಡಿನ ಮುಚ್ಚಳದ ಒಳಗನ್ನು ಬಿಡಿಸಿ ಇದಕ್ಕೆ ಬೆಸುಗೆ ಹಾಕಿದ್ದರು.

"ವರ್ಷಾತ್ರಿ ಇದರ ಹಿಂದ ಬಿದ್ದು" ಎಂದರು ಭಾಬಿ. "ಮ್ಯಾಲಿನ ರಬ್ಬರ್ ಇನ್ನ ಸರಿ ಕುಂತಿಲ್ಲ, ಕುಂತ ದಿನಾ ಒಯ್ದ ಕೊಡತೇನಿ ಅಂತಿದ್ರು. ಕುಂತಿತ್ತೋ ಇಲ್ಲೋ, ನನಗ ಗೊತ್ತಿಲ್ರಿ."

ಮುಗಿದಿತ್ತೋ ಇಲ್ಲವೋ ಹೇಳುವವರು ಯಾರೂ ಇರಲಿಲ್ಲ. ಆಸ್ಪತ್ರೆಯ ದಿನವಲ್ಲದ ದಿನ ನೋಡಿ, ಅತ್ತೆಯನ್ನು ಮನೆಯಲ್ಲಿ ಬಿಟ್ಟು, ತಗಡಿನ ಮುಚ್ಚಳವನ್ನು ಜೊತೆಗೆ ಇಟ್ಟುಕೊಂಡು, ಹಿತ್ತಾಳೆಯದನ್ನು ಹಾಕಿ ನಾನೊಬ್ಬಳೇ ಸವದತ್ತಿಯ ಗುಡ್ಡ ಏರಿದೆ. ಪಕ್ಕದ ಸೀಟು ಖಾಲಿ ಇತ್ತು. ಮುಳ್ಳು ಏರಿತು, ನಡುಗೆರೆ ದಾಟಿತು, ನಿಂತಿತು. ಡಬ್ಬಿಯಲ್ಲಿ ನೀರು ದಾರದಿಂದ ಮೂರು ಬೆರಳು ಮೇಲೆ. ಇಷ್ಟು ಸರಿ. ಉಳಿದದ್ದು ಮರುದಿನ ಬೆಳಿಗ್ಗೆ ಗೊತ್ತಾಗಬೇಕು.

ಬೆಳಿಗ್ಗೆ ಬಾನೆಟ್ಟು ಎತ್ತಿದೆ. ಎರಡು ಬೆರಳು ಇಳಿದಿತ್ತು. ದಾರಕ್ಕೆ ಬಂದಿರಲಿಲ್ಲ. ರಬ್ಬರು ಕುಳಿತಿರಲಿಲ್ಲ.

ಹಿತ್ತಾಳೆಯದನ್ನು ತೆಗೆದು ತಗಡಿನದನ್ನು ಹಾಕಿದೆ. ಆ ವಾರ ಧಾರವಾಡಕ್ಕೆ ಹೋಗಿ ಬಂದದ್ದು ಅದರಲ್ಲಿಯೇ. ಅವರಿದ್ದಿದ್ದರೂ ಅದನ್ನೇ ಹಾಕಿಸುತ್ತಿದ್ದರು. ಹಿತ್ತಾಳೆ ಮುಚ್ಚಳ ಈಗ ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿದೆ. ಹಳೆಯ ಟ್ಯೂಬಿನಿಂದ, ಹೊಲಿಗೆಯ ಕತ್ತರಿಯಿಂದಲೇ, ಉಂಗುರ ಕತ್ತರಿಸಿ ಕೂಡಿಸಿ ನೋಡುತ್ತಿದ್ದೇನೆ. ಮೊದಲನೆಯದು ದಪ್ಪವಾಯಿತು. ಎರಡನೆಯದು ಬಿಸಿಗೆ ಸೊಟ್ಟಗಾಯಿತು. ಇವತ್ತಿನದು ಮೂರನೆಯದು.

ಆಸ್ಪತ್ರೆ ಇಲ್ಲದ ದಿನ ಗುಡ್ಡಕ್ಕೆ ಹೋಗಿ ಬರುತ್ತೇನೆ. ಮರುದಿನ ಬೆಳಿಗ್ಗೆ ನಾನು ಬಾನೆಟ್ಟು ಇಳಿಸಿದ ಸಪ್ಪಳಕ್ಕೆ ಅತ್ತೆ ಮಂಚದಿಂದಲೇ ಕೇಳುತ್ತಾಳೆ.

"ಎಲ್ಲಿಗಿ ಬಂತವಾ ನೀರು?"

"ಇನ್ನ ಒಂದ ಬೆರಳ ಐತ್ರಿ."